ಮಲಗಿಸಿದ ಬಾಗಿಲು

"ಆ ಬಾಗಿಲನ್ನ ಮಲಗಿಸ್ಬ್ಯಾಡ ಕಣಮ್ಮ. ನಿಂತಿರೋದನ್ನ ನಿಂತಿರಾಕೆ ಬುಡು."

ಚಿಕ್ಕಹನುಮಕ್ಕ ಹೀಗೆಂದಾಗ ರಾಧಾಮಣಿ ನಕ್ಕುಬಿಟ್ಟಳು. ನಗು ಬರುವಂತೆಯೇ ಇತ್ತು ಆ ನೋಟ. ಹುಲಿಕುಂಟೆಯ ಕೊನೆಯ ಮನೆಗಳನ್ನು ದಾಟಿದರೆ ಬಯಲು, ಬಯಲಿನಲ್ಲೊಂದು ಒಂಟಿ ಹೊಂಗೆಮರ. ಅದರ ನೆರಳಿನಲ್ಲಿ, ಹಿಂದೆ ಮನೆಯಿಲ್ಲದೆ, ಅಕ್ಕಪಕ್ಕ ಗೋಡೆಯಿಲ್ಲದೆ, ಎರಡು ಕಲ್ಲುಗಳ ನಡುವೆ ಆತು ನಿಂತ ಒಂದೇ ಒಂದು ಹಳೆಯ ಬಾಗಿಲು. ಕಬ್ಬಿಣದಷ್ಟು ಗಟ್ಟಿಯಾದ ಕಮರದ ಮರದ್ದು. ಎಷ್ಟು ಮಳೆಗಾಲ, ಎಷ್ಟು ಬೇಸಿಗೆ ಅದರ ಮೈಮೇಲೆ ಹರಿದಿದ್ದವೋ, ಬಣ್ಣ ಕಪ್ಪಗಾಗಿತ್ತೇ ಹೊರತು ಮರ ಒಂದು ಎಳೆಯಷ್ಟೂ ಬಾಗಿರಲಿಲ್ಲ.

"ನಿಂತೂ ನಿಂತೂ ಅದಕ್ಕೂ ಮಂಡಿ ನೋವು ಬಂದಿರ್ತದೆ. ನಮ್ಮ ಅಟ್ಟದಲ್ಲಿ ನಾಲ್ಕು ದಿನ ಮಲಗಿ ಸುಧಾರಿಸಿಕೊಳ್ಳಲಿ ಬಿಡಜ್ಜಿ" ಎಂದಳು ರಾಧಾಮಣಿ.

ಮುದುಕಿ ನಗಲಿಲ್ಲ. ತಂದಿದ್ದ ಹಿತ್ತಾಳೆ ಚೊಂಬಿನ ನೀರನ್ನು ಬಾಗಿಲ ಬುಡಕ್ಕೆ ಹೊಯ್ದಳು. ಚಿಟಿಕೆ ಕುಂಕುಮ ಇಟ್ಟಳು.

"ನಿಂತಿರೋಗಂಟ ಇದರ ಈ ಕಡೀಕೂ ಬಯಲು, ಆ ಕಡೀಕೂ ಬಯಲು. ಇದಕ್ಕೆ ಒಳಗು ಅನ್ನೋದೇ ಇಲ್ಲ. ಮಲಗಿಸ್ದೆ ಅನ್ನು, ಇದರ ಕೆಳಗೆ ಒಂದು ಮನೆ ಆಯ್ತದೆ. ಆ ಮನೇಲಿ ಒಬ್ರು ಇರ್ಲೇಬೇಕು."

"ಯಾರ ಮನೆದಜ್ಜಿ ಇದು?"

"ನಮ್ಮಕ್ಕ ಕ್ಯಾತಮ್ಮನ್ನ ಕೊಟ್ಟಿದ್ದ ಮನೇದು" ಎಂದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ರಾಧಾಮಣಿ ಮಧುಗಿರಿ ಪೇಟೆಯವಳು. ಗಂಡ ತೀರಿಕೊಂಡ ಮೇಲೆ ಬೆಟ್ಟದ ಬುಡದ ಒಂದು ಓಣಿಯಲ್ಲಿ ಬಟ್ಟೆ ಹೊಲಿದು ಮಗಳು ರಕ್ಷಾಳನ್ನು ಹತ್ತೊಂಬತ್ತು ವರ್ಷದವಳನ್ನಾಗಿ ಮಾಡಿದ್ದಳು. ಹೋದ ವರ್ಷ ಮಹಾಲಿಂಗಯ್ಯ ಮೇಷ್ಟ್ರಿಂದ ಹುಲಿಕುಂಟೆಯ ಈ ಹೆಂಚಿನ ಮನೆಯನ್ನು ಕೊಂಡದ್ದು ಅದರ ಅಟ್ಟವನ್ನು ನೋಡಿ. ಆರು ಹೊಲಿಗೆ ಮಿಷನ್ನುಗಳು ಸಾಲಾಗಿ ಕೂರುವಷ್ಟು ಉದ್ದ. ಶಿರಾದ ಶಾಲೆಗಳ ಯೂನಿಫಾರಂ ಕೆಲಸ ಒಪ್ಪಿಕೊಂಡಾಗಿತ್ತು, ಜೂನ್ ಹೊತ್ತಿಗೆ ಕೊಡಬೇಕು. ಆದರೆ ಅಟ್ಟದ ಹಲಗೆಗಳು ಹಳೆಯವು, ತೆಳ್ಳಗಿನವು. ಒಂದು ಮಿಷನ್ ಓಡಿದರೆ ಉಳಿದ ಐದೂ ನಡುಗುತ್ತಿದ್ದವು. ಸೂಜಿ ಮುರಿಯುತ್ತಿತ್ತು, ಹೊಲಿಗೆ ಹಾವು ಹರಿದಂತೆ ಓಡುತ್ತಿತ್ತು. "ಅಮ್ಮಾ, ಇದು ಅಟ್ಟ ಅಲ್ಲ, ಜೋಕಾಲಿ" ಎಂದು ರಕ್ಷಾ ಬೇಕೆಂದೇ ಕುಣಿಯುತ್ತಿದ್ದಳು. ಕೆಳಗೆ ನಡುಮನೆಯಲ್ಲಿ ಮಲಗಿದ್ದರೂ ರಾಧಾಮಣಿಗೆ ಮೇಲೆ ಓಡಾಡುವವರು ಯಾರೆಂದು ಆ ಹಲಗೆಗಳೇ ಹೇಳುತ್ತಿದ್ದವು. ಮಗಳದು ಎರಡು ಹೆಜ್ಜೆ ಬೇಗ, ಮೂರನೆಯದು ತುಸು ತಡ. ಚಿಕ್ಕಂದಿನಲ್ಲಿ ಕಾಲು ಉಳುಕಿದ್ದು ಹಾಗೇ ಉಳಿದಿತ್ತು.

ತೋವಿನಕೆರೆಯಿಂದ ಬಂದ ಬಡಗಿ ಕದಿರಯ್ಯ ಜಂತೆಗಳನ್ನು ತಟ್ಟಿ ನೋಡಿ ತಲೆ ಕೆರೆದುಕೊಂಡಿದ್ದ.

"ಜಂತೆ ಜಂತೆ ನಡುವೆ ಎರಡಡಿ ಐತೆ ರಾಧಕ್ಕ. ಪ್ಲೈವುಡ್ ಹಾಕಿದ್ರೆ ನಡುವೆ ಬಗ್ತದೆ. ಸಿಮೆಂಟ್ ಶೀಟು ಬಗ್ಗಲ್ಲ, ಆದ್ರೆ ಒಂದೇಟು ಬಿದ್ರೆ ಸೀಳ್ತದೆ. ಕಲ್ಲು ಚಪ್ಪಡಿ ಹಾಕಿದ್ರೆ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ, ಈ ಮಣ್ಣುಗೋಡೆ ಮಾತ್ರ ನಿಮ್ಮನ್ನೂ ಚಪ್ಪಡೀನೂ ಒಟ್ಟಿಗೇ ಕೆಳೀಕೆ ಇಳಿಸ್ತದೆ."

"ಮತ್ತೆ ಏನು ಮಾಡೋದು ಕದಿರಣ್ಣ?"

"ಹಳೇ ಬಾಗಿಲು ತನ್ನಿ. ಒಂದೂವರೆ ಇಂಚು ದಪ್ಪ, ಒಂದು ತಲೆಮಾರಿಂದ ಒಣಗಿರೋ ಮರ. ಅದಕ್ಕೆ ಬಗ್ಗೋ ವಯಸ್ಸು ಮುಗಿದೋಗೈತೆ. ಅದರ ಮೇಲೆ ನೀವು ಏನು ಬೇಕಾದ್ರೂ ಹಾಸ್ಕಳಿ."

ಶಿರಾದ ಹಳೇ ಮರದ ಅಂಗಡಿಯಲ್ಲಿ ಹತ್ತು ಬಾಗಿಲು ಸಿಕ್ಕವು, ಹಳೆಯ ಹಲಗೆಗಳನ್ನು ಕಿತ್ತು ಅವನ್ನು ಹಾಸಿದರು. ಹನ್ನೊಂದು ಬೇಕಿತ್ತು. ಕಿಟಕಿಯ ಕಡೆ, ಗಾಜಿನ ಹೆಂಚಿನ ಬೆಳಕು ಬೀಳುವಲ್ಲಿ, ರಕ್ಷಾಳ ಮಿಷನ್ ಇಡುವ ಜಾಗದಲ್ಲಿ ಒಂದು ಬಾಗಿಲಗಲದ ಕಂಡಿ ಉಳಿಯಿತು. ಅದೇ ದಪ್ಪದ ಇನ್ನೊಂದು ಬಾಗಿಲು ಎಲ್ಲಿಯೂ ಸಿಗಲಿಲ್ಲ. ಸಿಕ್ಕದ್ದು ಹೊಂಗೆಮರದ ಕೆಳಗೆ.

ಸೋಮವಾರ ಚಿಕ್ಕಹನುಮಕ್ಕ ಸಕ್ಕರೆ ಕಾಯಿಲೆಯ ಮಾತ್ರೆ ತರಲು, ಮೂರು ದಿನ ನೆಂಟರ ಮನೆಯಲ್ಲಿದ್ದು ಬರಲು ಶಿರಾ ಬಸ್ಸು ಹತ್ತಿದ್ದನ್ನು ನೋಡಿಕೊಂಡು ರಾಧಾಮಣಿ ಟ್ರಾಕ್ಟರ್ ಕರೆಸಿದಳು. ನಾಲ್ವರು ಹೊರುವಷ್ಟು ಭಾರ. ಎತ್ತಿದ ಮೇಲೆ ಕದಿರಯ್ಯ ಬಗ್ಗಿ ನೆಲ ಮುಟ್ಟಿದ. ದಿನವೂ ಚೊಂಬು ನೀರು ಕುಡಿದ ಆ ಮಣ್ಣು ಒಲೆಯ ಬೂದಿಯ ಹಾಗೆ ಒಣಗಿತ್ತು.

ಅಟ್ಟದ ಮೇಲೆ ಬಾಗಿಲನ್ನು ಹೊರಮೈ ಮೇಲಾಗಿ ಮಲಗಿಸಿದರು. ಒಳಮೈಯಲ್ಲಿ ಮರದ ಅಗುಳಿ ಇನ್ನೂ ಇತ್ತು. ಎರಡು ಜಂತೆಗಳ ನಡುವೆ ಸರಿಯಾಗಿ ಕೂತದ್ದರಿಂದ ಅದನ್ನು ಹಾಗೆಯೇ ಬಿಟ್ಟರು. ಆ ಅಗುಳಿಯ ಸುತ್ತ, ಮನುಷ್ಯರ ಎದೆಯ ಮಟ್ಟದಿಂದ ಕೆಳಕ್ಕೆ, ಬಿಳಿ ಗೀರುಗಳು. ನೂರಾರು.

"ಇಲಿ" ಎಂದಳು ರಾಧಾಮಣಿ.

ಕದಿರಯ್ಯ ಮೊಳೆ ಡಬ್ಬಿ ಬಿಚ್ಚಿದ. ಹೊರಮೈಯಲ್ಲಿ ಹನ್ನೆರಡು ಹಳೆಯ ಮೊಳೆತೂತುಗಳಿದ್ದವು, ಒಳಗೆ ಬೂದಿಯೋ ಕುಂಕುಮವೋ ಗಟ್ಟಿಯಾಗಿ ಮೆತ್ತಿತ್ತು. ಅವುಗಳಲ್ಲೇ ಹೊಸ ಮೊಳೆ ಇಟ್ಟು ಒಂದೊಂದಾಗಿ ಹೊಡೆದ. ಹನ್ನೊಂದು ಹೊಡೆದವನು ಸುತ್ತಿಗೆ ಕೆಳಗಿಟ್ಟ.

"ಯಾಕಣ್ಣ?"

"ನಾನು ಬಡಗಿ ರಾಧಕ್ಕ. ಮರದ ಸದ್ದು ನಂಗೊತ್ತು. ಹನ್ನೊಂದು ಮೊಳೆ ಹೊಡ್ದೆ. ಕೆಳಗಿಂದ ಹನ್ನೊಂದು ಸಲ ಉತ್ತರ ಬಂತು."

"ನಡುಮನೆ ಖಾಲಿ ಇದೆ. ಸದ್ದು ಮರಳಿ ಬರ್ತದೆ, ಅಷ್ಟೇ."

"ಅಂಗೇ ಇರ್ಲಿ. ಕೊನೇ ಮೊಳೆ ನಂದಲ್ಲ."

ರಾಧಾಮಣಿ ಸುತ್ತಿಗೆಯನ್ನು ತಾನೇ ಎತ್ತಿಕೊಂಡಳು. ಮೂರೇ ಏಟಿಗೆ ಹನ್ನೆರಡನೆಯ ಮೊಳೆ ತಲೆಯವರೆಗೂ ಇಳಿಯಿತು. ಮೂರನೆಯ ಏಟಿನ ನಂತರ ಕೆಳಗಿನಿಂದ ಯಾವ ಸದ್ದೂ ಬರಲಿಲ್ಲ. ಯಾರೋ ಉಸಿರು ಬಿಗಿಹಿಡಿದು ಆಲಿಸಿದ ಹಾಗೆ.

ನೆಲ ಮಾತ್ರ ಅವಳು ಬಯಸಿದ್ದಕ್ಕಿಂತ ಗಟ್ಟಿಯಾಗಿಯೇ ಬಂದಿತು. ಆರೂ ಮಿಷನ್ನುಗಳನ್ನು ಓಡಿಸಿ, ತುಂಬಿದ ನೀರಿನ ಲೋಟವನ್ನು ನೆಲದ ಮೇಲಿಟ್ಟು ನೋಡಿದರು. ನೀರಿನ ಮೈ ಕದಲಲಿಲ್ಲ. "ಮಧುಗಿರಿ ಬೆಟ್ಟಾನೇ ತಂದು ಹಾಸ್ದಂಗಿದೆ ಕಣಮ್ಮ" ಎಂದು ರಕ್ಷಾ ಎರಡೂ ಕಾಲೆತ್ತಿ ಧೊಪ್ಪನೆ ಹಾರಿದಳು. ಧೊಪ್ಪನೆ ಎಂಬ ಸದ್ದೂ ಆಗಲಿಲ್ಲ. ಹೊಲಿಗೆ, ನೂಲು ಹಿಡಿದು ಗೆರೆ ಎಳೆದಂತೆ, ನೇರವಾಗಿ ಬಂತು. ಹೊಲಿಯಲು ಬರುವ ಹೆಂಗಸರು ರಾಧಾಮಣಿಯ ಬುದ್ಧಿಯನ್ನು ಹೊಗಳಿದರು.

ಅವಳಿಗೆ ಹಿತವಾಗದ್ದು ಒಂದೇ. ಕೆಳಗೆ ಕೂತರೆ ಮೇಲೆ ಯಾರಿದ್ದಾರೆ, ಇಲ್ಲ ಎಂಬುದೇ ಈಗ ತಿಳಿಯುತ್ತಿರಲಿಲ್ಲ.

ಮೂರನೆಯ ದಿನ ವಾಸನೆ ಎದ್ದಿತು. ಸತ್ತ ಇಲಿಯದಲ್ಲ. ಬಹುಕಾಲ ಬಾಗಿಲು ಹಾಕಿದ ಮನೆಯದು. ಆರಿದ ಒಲೆ, ಮುಗ್ಗಿದ ಹಿಟ್ಟು, ಹರಳೆಣ್ಣೆ ಮುಗಿದ ಮೇಲೆ ಬರಿದೇ ಉರಿದ ಬತ್ತಿಯ ಕಮಟು. ಅದೇ ಮಧ್ಯಾಹ್ನ ರಕ್ಷಾಳ ಮಿಷನ್ನಿನ ಪಕ್ಕ ಉರುಳಿದ್ದ ಬಿಳಿ ನೂಲಿನ ಉಂಡೆ ತನ್ನಷ್ಟಕ್ಕೆ ತಿರುಗಲಾರಂಭಿಸಿತು. ನೂಲಿನ ತುದಿ ಬಾಗಿಲಿನ ಸಂದಿಗೆ ಇಳಿದಿತ್ತು. ಯಾರೋ ಕೆಳಗಿನಿಂದ ಸಾವಕಾಶವಾಗಿ, ಒಂದೇ ಹದದಲ್ಲಿ, ಎಳೆದುಕೊಳ್ಳುತ್ತಿದ್ದರು.

"ನಿನ್ನ ಇಲಿಗೆ ಅಂಗಿ ಹೊಲ್ಕೋಬೇಕಂತೆ ಕಣಮ್ಮ" ಎಂದಳು ರಕ್ಷಾ. ನಗುತ್ತಲೇ ಹೇಳಿದರೂ ಕಾಲುಗಳನ್ನು ಮೇಲಕ್ಕೆ ಎಳೆದುಕೊಂಡಿದ್ದಳು.

ರಾಧಾಮಣಿ ನೂಲು ಹಿಡಿದು ಜಗ್ಗಿದಳು. ತುದಿ ಬಂತು. ಅದಕ್ಕೆ ಮೂರು ಗಂಟು ಹಾಕಿತ್ತು. ಇಲಿ ಗಂಟು ಹಾಕುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಆದರೆ ಕೆಲಸ ಅರ್ಧ ಉಳಿದಿತ್ತು. ನಾಳೆ ಕದಿರಯ್ಯನಿಗೆ ಹೇಳಿ ಸಂದಿಗೆ ಮೇಣ ತುಂಬಿಸೋಣ ಎಂದುಕೊಂಡಳು. ಮನುಷ್ಯ ದೇವರಿಗೆ ಹೇಳುವ ಸುಳ್ಳುಗಳಿಗಿಂತ ತನಗೆ ತಾನೇ ಹೇಳಿಕೊಳ್ಳುವವು ಹೆಚ್ಚು.

ಗುರುವಾರ ಮಧ್ಯಾಹ್ನ ಕರೆಂಟ್ ಹೋಯಿತು. ಹೆಂಗಸರು ಊಟಕ್ಕೆ ಮನೆಗಳಿಗೆ ಹೋದರು. ಮಿಷನ್ನನ್ನು ಕಾಲಿನಿಂದಲೇ ತುಳಿದು ಒಂದು ಅಂಗಿಯ ಕಾಲರ್ ಮುಗಿಸಿ ಬರುತ್ತೇನೆಂದು ರಕ್ಷಾ ಮೇಲೆಯೇ ಉಳಿದಳು. ಕೆಳಗೆ ರಾಧಾಮಣಿ ಮುದ್ದೆ ತಿರುವಿ, ಸಾರು ಬಿಸಿ ಮಾಡಿ ತಟ್ಟೆ ಹಾಕಿದಳು.

"ರಕ್ಷಾ, ಬಾರೇ ಉಣ್ಣಾಕೆ."

ಮುದ್ದೆ ಆರುತ್ತಿತ್ತು. ಇನ್ನೊಮ್ಮೆ ಕೂಗಿ, ಬೈಯುತ್ತ ಏಣಿ ಹತ್ತಿದಳು.

ಅಟ್ಟದಲ್ಲಿ ಯಾರೂ ಇರಲಿಲ್ಲ. ಗಾಜಿನ ಹೆಂಚಿನ ಬೆಳಕು ಚೌಕವಾಗಿ ಆ ಬಾಗಿಲಿನ ಮೇಲೆ ಬಿದ್ದಿತ್ತು. ಅಂಗಿಯ ಕಾಲರ್ ಸೂಜಿಯ ಕೆಳಗೆ ಅರ್ಧಕ್ಕೆ ನಿಂತಿತ್ತು. ನೆಲದ ಮೇಲೆ ಚಪ್ಪಲಿ ಜೋಡಿ. ಸೂಜಿಯ ಕಣ್ಣಿನಿಂದ ಹೊರಟ ಬಿಳಿ ನೂಲು ತಂತಿಯಂತೆ ಬಿಗಿದು, ನೇರವಾಗಿ ಸಂದಿಯೊಳಕ್ಕೆ ಇಳಿದಿತ್ತು.

ಟಕ್. ಟಕ್. ಟಕ್.

ಅವಳ ಪಾದದ ಕೆಳಗೆ.

"ಅಮ್ಮಾ."

ದೂರದ ದನಿ. ಒಂದೂವರೆ ಇಂಚಿನ ಆಚೆಯದಲ್ಲ. ನೆಲದಲ್ಲಿ ದವಸ ಹೂಳುವ ಹಗೇವಿನ ತಳದಿಂದ ಬಂದಂಥದ್ದು.

"ಅಮ್ಮಾ, ಬಾಗಿಲು ತೆಗಿ. ಇಲ್ಲಿ ಕತ್ಲು."

ರಾಧಾಮಣಿ ಮಂಡಿಯೂರಿ ಸಂದಿಗೆ ಉಗುರು ಹಾಕಿದಳು. ಉಗುರು ಸೀಳಿತು. ಕೆಳಗೋಡಿದಳು. ನಡುಮನೆಯಲ್ಲಿ ನಿಂತು ಮೇಲೆ ನೋಡಿದಳು. ಎರಡು ಜಂತೆಗಳ ನಡುವೆ ಬಾಗಿಲಿನ ಒಳಮೈ. ಅಗುಳಿ. ಗೀರುಗಳು. ಅದರ ಕೆಳಗೆ ಬರಿಯ ಗಾಳಿ, ತಟ್ಟೆಯಲ್ಲಿ ಆರಿದ ಮುದ್ದೆ. ಬೇರೇನೂ ಇಲ್ಲ. ಏನೂ ಇಲ್ಲ. ನೋಡುತ್ತಿದ್ದಂತೆ ಅಗುಳಿಯ ಪಕ್ಕ ಹೊಸದೊಂದು ಗೀರು ಎದ್ದಿತು. ಮತ್ತೊಂದು. ಇನ್ನೊಂದು. ಮರದ ಹುಡಿ ಅವಳ ಕಣ್ಣಿಗೆ ಉದುರಿತು.

ಅವಳು ಬರಿಗಾಲಲ್ಲಿ ಬೀದಿಗೆ ಬಿದ್ದಾಗ ಶಿರಾ ಬಸ್ಸಿನಿಂದ ಇಳಿದ ಚಿಕ್ಕಹನುಮಕ್ಕ ಎದುರಿಗೇ ಬರುತ್ತಿದ್ದಳು. ಮುದುಕಿಯ ಕೆನ್ನೆ ಒದ್ದೆಯಾಗಿತ್ತು.

"ಈಗಿನ್ನ ಒಂದು ಗಾಳಿ ನನ್ನ ಸವರ್ಕೊಂಡು ಹೋಯ್ತು. ನಮ್ಮಕ್ಕನ ತಲೆ ವಾಸ್ನೆ. ಅರವತ್ತು ವರ್ಷ ಆದ್ಮೇಲೆ ಅವಳು ಹೊರಗೆ ಬಂದ್ಲು ಕಣಮ್ಮ" ಎಂದಳು. ಆಮೇಲೆ ರಾಧಾಮಣಿಯ ಮುಖ ನೋಡಿದಳು. "ಯಾರು ಒಳೀಕೆ ಹೋದ್ರು?"

"ರಕ್ಷಾ. ಅಜ್ಜಿ, ನನ್ನ ಮಗಳು ಅಜ್ಜಿ."

ಅಂದು ಹೊಸ್ತಿಲಲ್ಲಿ ಕುಸಿದು ಕೂತು ಮುದುಕಿ ಹೇಳಿದ್ದು ಇಷ್ಟು. ಕ್ಯಾತಮ್ಮ ಅತ್ತೆಮನೆಯ ಹೊಡೆತ ತಾಳದೆ ತವರಿಗೆ ಓಡಿ ಬರುತ್ತಿದ್ದಳು. ಮಾವ ಗಡಿಯಾಚೆಯಿಂದ ಮಾಟಗಾರನನ್ನು ಕರೆತಂದು ಬಾಗಿಲಿಗೆ ಕಟ್ಟು ಹಾಕಿಸಿದ. ಹನ್ನೆರಡು ಮೊಳೆ, ಮಸಣದ ಬೂದಿ. ಒಳಗೆ ಬರುವವರಿಗೆ ತೆರೆ, ಹೊರಗೆ ಹೋಗುವವಳಿಗೆ ಮುಚ್ಚು ಎಂದು. ಮನೆಯವರು ಜಾತ್ರೆಗೆ ಹೋದರು. ಮೂರು ದಿನ ಒಳಗಿನಿಂದ ಬಾಗಿಲು ಬಡಿದ ಸದ್ದನ್ನು ಊರೆಲ್ಲ ಕೇಳಿತು. ಗಂಡ ಹೆಂಡಿರ ವಿಚಾರ, ನಮಗ್ಯಾಕೆ ಎಂದಿತು. ನಾಲ್ಕನೆಯ ದಿನ ಹೆಣವೂ ಬಾಗಿಲಲ್ಲಿ ಬರಲಿಲ್ಲ. ಗೋಡೆ ಒಡೆದು ತೆಗೆದರು. ಆಮೇಲೆ ಮನೆ ಬಿದ್ದುಹೋಗಿ ಬಾಗಿಲೊಂದೇ ಬಯಲಲ್ಲಿ ಉಳಿಯಿತು.

"ನಂಗೆ ಎಂಟು ವರ್ಷ. 'ಚಿಕ್ಕೀ, ತೆಗಿಯೇ' ಅಂದ್ಲು. ಕೈ ಚಾಚಿದ್ದೆ. ನಮ್ಮವ್ವ ಜುಟ್ಟು ಹಿಡಿದು ಎಳ್ಕೊಂಡೋದ್ಲು."

"ಬಾಗಿಲು ಕಿತ್ತು ಮತ್ತೆ ಬಯಲಲ್ಲಿ ನಿಲ್ಲಿಸಿಬಿಡೋಣ ಅಜ್ಜಿ. ಈಗಲೇ."

"ನಿಲ್ಲಿಸಿದ್ರೆ ಅದಕ್ಕೆ ಒಳಗೇ ಇಲ್ದಂಗಾಯ್ತದೆ. ಸತ್ತ ನಮ್ಮಕ್ಕನ ಉಸಿರಾದ್ರೆ ಮರದಾಗೇ ಅಡಗಿತ್ತು, ಜೀವ ಇರೋ ನಿನ್ನ ಕೂಸು ಎಲ್ಲಿಗೆ ಹೋಗ್ಬೇಕು?" ಮುದುಕಿ ಅವಳ ಕೈ ಹಿಡಿದಳು. "ಕೊನೇ ಮೊಳೆ ಯಾರು ಹೊಡ್ದಿದ್ದು?"

"ನಾನೇ."

"ಅದಕ್ಕೇ ನಿನ್ನ ಕರುಳನ್ನೇ ಕರ್ಕೊಂಡೈತೆ. ಇನ್ನ ಅದು ನಿನ್ನ ಕೈಗೆ, ನಿನ್ನ ಮಗಳ ಕೈಗೆ ಮಾತ್ರ ತೆರೀತದೆ. ನಾನು ಹೋಗ್ತಿದ್ದೆ ಕಣಮ್ಮ, ದೇವ್ರಾಣೆಗೂ ಹೋಗ್ತಿದ್ದೆ. ನನ್ನ ಅದು ಸೇರ್ಸಲ್ಲ. ಒಬ್ರು ಬರ್ಬೇಕಾದ್ರೆ ಒಬ್ರು ಇಳೀಬೇಕು."

ರಾಧಾಮಣಿ ಮೊಳೆ ಕೀಳುವ ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ದೇವರಗೂಡಿನ ಮುಂದೆ ಒಂದು ಗಳಿಗೆ ನಿಂತಳು. ಏನೂ ಬೇಡಲಿಲ್ಲ. ದೀಪದ ಬತ್ತಿಯನ್ನು ತುಸು ಮುಂದಕ್ಕೆ ತಳ್ಳಿ ಬೆಳಕು ಮಾಡಿ ಏಣಿ ಹತ್ತಿದಳು.

ತನ್ನ ಮೊಳೆಯನ್ನು ಕಿತ್ತಳು. ಬೆಣ್ಣೆಯಿಂದ ಕೂದಲು ಬಂದ ಹಾಗೆ ಬಂತು. ಉಳಿದ ಹನ್ನೊಂದೂ ತಾವೇ ಎದ್ದು ಉರುಳಿದವು. ಬಾಗಿಲು ಕೆಳಕ್ಕೆ ತೆರೆಯಿತು.

ಕೆಳಗೆ ನಡುಮನೆ ಇರಲಿಲ್ಲ. ತಟ್ಟೆ ಇರಲಿಲ್ಲ. ಕತ್ತಲೆ. ತಣ್ಣನೆಯ, ಮುಗ್ಗಿದ ಕತ್ತಲೆ. ಅದರಿಂದ ಮೇಲಕ್ಕೆ ಚಾಚಿದ ಒಂದು ಕೈ. ಬೆರಳುಗಳ ತುದಿಯಲ್ಲಿ ರಕ್ತ.

"ಅಮ್ಮಾ!"

ರಾಧಾಮಣಿ ಆ ಕೈಯನ್ನು ಹಿಡಿದು ಎಳೆದಳು. ಬರಲಿಲ್ಲ. ಬೇರು ಬಿಟ್ಟ ಮರದಂತಿತ್ತು. ಆಗ ಅವಳು ಎಳೆಯುವುದನ್ನು ಬಿಟ್ಟು, ಕೈಯನ್ನು ಬಿಡದೆ, ಬಾವಿಗೆ ಇಳಿಯುವವಳಂತೆ ಒಂದು ಕಾಲನ್ನು ಇಳಿಬಿಟ್ಟಳು. ಇನ್ನೊಂದು ಕಾಲು. ಇಳಿದಷ್ಟೂ ಮಗಳು ಹಗುರಾದಳು. ಇಬ್ಬರ ಮುಖಗಳೂ ಒಂದು ಕ್ಷಣ ಎದುರುಬದುರು ಬಂದವು. ಮಗಳ ಉಸಿರು ಕೆನ್ನೆಗೆ ತಗುಲಿತು.

"ಉಣ್ಣು ಹೋಗು. ಮುದ್ದೆ ಆರೋಗೈತೆ" ಎಂದಳು ರಾಧಾಮಣಿ.

ಬಾಗಿಲು ಮುಚ್ಚಿತು. ಮೇಲೆ ಹನ್ನೆರಡು ಏಟು ಬಿದ್ದವು. ಸುತ್ತಿಗೆ ಅವಳ ಸೊಂಟದಲ್ಲೇ ಇತ್ತು.

ಅದು ಮೂರಂಕಣದ ಮನೆ. ತಡವಿ ತಡವಿ ಅವಳು ಅದನ್ನು ಅರಿತಳು. ಆರಿದ ಒಲೆ, ದವಸ ತುಂಬುವ ಖಾಲಿ ವಾಡೆ, ಒಂದು ಒರಳು. ಕಿಟಕಿಯಿಲ್ಲ. ಹಸಿವಿಲ್ಲ, ನಿದ್ದೆಯಿಲ್ಲ. ಬಾಗಿಲು ಮಾತ್ರ ನೆಟ್ಟಗೆ ಗೋಡೆಯಲ್ಲಿ ನಿಂತಿತ್ತು. ಅದಕ್ಕೆ ಕಿವಿ ಹಚ್ಚಿ ನಿಂತಳು. ಆಚೆ ಆರು ಮಿಷನ್ನು ಓಡುತ್ತಿರಬಹುದು. ಮಗಳು ನಡೆದಾಡುತ್ತಿರಬಹುದು. ಎರಡು ಹೆಜ್ಜೆ ಬೇಗ, ಮೂರನೆಯದು ತುಸು ತಡ. ಏನೂ ಕೇಳಲಿಲ್ಲ. ನಡುಗದ ನೆಲ ಬೇಕೆಂದು ಹುಡುಕಿ ತಂದವಳು ಅವಳೇ. ಆ ಹಳೆಯ ಜೋಕಾಲಿ ಹಲಗೆಗಳಾಗಿದ್ದರೆ ಮಗಳ ಕಾಲು ಎಲ್ಲಿ ಬಿತ್ತೆಂದು ಹೇಳುತ್ತಿದ್ದವು.

ಒಂದು ದಿನವೋ ಒಂದು ತಿಂಗಳೋ ಕಳೆದ ಮೇಲೆ ಕತ್ತಲೆಯಲ್ಲಿ ಏನೋ ಅವಳ ಹಣೆಗೆ ತಗುಲಿತು. ನೂಲು. ಸಂದಿಯಿಂದ ಇಳಿದ ನೂಲು. ಅವಳು ಹಿಡಿದು ಒಮ್ಮೆ ಮೆಲ್ಲಗೆ ಜಗ್ಗಿದಳು. ಆಚೆಯಿಂದ ಎರಡು ಸಲ ಜಗ್ಗಿದರು. ರಾಧಾಮಣಿ ಅದರ ತುದಿಗೆ ಮೂರು ಗಂಟು ಹಾಕಿದಳು. ಕ್ಯಾತಮ್ಮ ಹಾಕಿದ್ದೂ ಇದಕ್ಕೇ ಎಂದು ಆಗ ತಿಳಿಯಿತು. ನಾನಿದ್ದೇನೆ. ನಾನಿದ್ದೇನೆ. ನಾನಿದ್ದೇನೆ.

ಅಂದರೆ ಮಗಳು ಬಾಗಿಲನ್ನು ಬಯಲಿಗೆ ಕಳಿಸಿರಲಿಲ್ಲ. ಅದರ ಮೇಲೆಯೇ ಕೂತು ಹೊಲಿಯುತ್ತಿದ್ದಳು. ದಿನವೂ ನೂಲು ಇಳಿಯಿತು. ದಿನವೂ ಗಂಟುಗಳು ಹೋದವು.

ಒಂದು ದಿನ ನೂಲು ಬರಲಿಲ್ಲ. ಬದಲಿಗೆ ಬಾಗಿಲಿನ ಮೇಲ್ಮೂಲೆಯಲ್ಲಿ ಏನೋ ಕರಕರ ಎಂದಿತು. ರಾಧಾಮಣಿ ಕೈ ಹಾಕಿ ಮುಟ್ಟಿದಳು. ತಾನು ಹೊಡೆದಿದ್ದ ಮೊಳೆ. ಅದರ ಮೊನೆ ಹಿಂದಕ್ಕೆ ಸರಿಯುತ್ತಿತ್ತು. ಸರಿದು ಹೋಯಿತು. ತೂತಿನಿಂದ ಸೂಜಿಯಷ್ಟು ಬೆಳಕು ಒಳಗೆ ಬಂತು. ಅದರ ಹಿಂದೆಯೇ ದನಿ.

"ಅಮ್ಮಾ, ನಾನು ಇಳೀತೀನಿ. ನೀನು ಬಾ ಮ್ಯಾಲೆ. ಕೆಲ್ಸ ಎಲ್ಲ ಮುಗ್ಸಿದೀನಿ. ಇನ್ನ ಸರದಿ ನಂದು."

ಹನ್ನೊಂದು ಮೊಳೆಗಳು ಒಂದೊಂದಾಗಿ ಉರುಳಿದ ಸದ್ದು. ಬಾಗಿಲು ಮಿಸುಕಿತು. ಬೆಳಕು ಗೆರೆಯಾಯಿತು. ಗೆರೆ ಅಗಲವಾಯಿತು. ಗಾಳಿ ಬಂತು. ಹೊಸ ಬಟ್ಟೆಯ ಗಂಜಿ, ಮಿಷನ್ ಎಣ್ಣೆ, ಮಗಳ ತಲೆಗೆ ಹಚ್ಚಿದ ಕೊಬ್ಬರಿಎಣ್ಣೆ. ರಾಧಾಮಣಿ ಅದನ್ನು ಎದೆ ತುಂಬ ಎಳೆದುಕೊಂಡಳು. ಒಮ್ಮೆ ಮಾತ್ರ.

ಆಮೇಲೆ ಬೆನ್ನು ಕೊಟ್ಟು ಬಾಗಿಲನ್ನು ಒತ್ತಿದಳು. ಬಾಗಿಲು ಮುಚ್ಚಿತು. ಎದೆಯ ಮಟ್ಟದಲ್ಲಿ ಕೈಯಾಡಿಸಿದಳು. ಅಗುಳಿ ಸಿಕ್ಕಿತು.

ಹಾಕಿದಳು.

ಕಮರದ ಮರ. ಬಗ್ಗುವ ವಯಸ್ಸು ಮುಗಿದ ಮರ. ಆಚೆಯಿಂದ ಮಗಳು ಎರಡೂ ಕೈಯಲ್ಲಿ ಬಡಿಯತೊಡಗಿದಳು.

"ಅಮ್ಮಾ, ಬಾಗಿಲು ತೆಗಿ."

ರಾಧಾಮಣಿ ಅಗುಳಿಯನ್ನು ಎದೆಗೆ ಅವಚಿಕೊಂಡು ಕತ್ತಲೆಯಲ್ಲಿ ನಿಂತಳು. ತೆಗೆಯಲಿಲ್ಲ.